ಸಿಯೆನಾದ ಸಂತ ಕ್ಯಾಥರೀನಳ ಮನೆಯ ವರ್ಷಗಳು: ಒಂದು ಚಾರಿತ್ರಿಕ ಅವಲೋಕನ

ಸಿಯೆನಾದ ಸಂತ ಕ್ಯಾಥರೀನಳ ಹೆಸರು ಬಂದೊಡನೆ ಧರ್ಮಸಭೆಯ ಇತಿಹಾಸವನ್ನು ಓದಿದವರಿಗೆ ಮೊದಲು ನೆನಪಾಗುವುದು ಅವಿನ್ಯೋನ್ ನಗರ. 1376ರಲ್ಲಿ ಅಲ್ಲಿಗೆ ಹೋಗಿ, ರೋಮಿಗೆ ಮರಳುವಂತೆ ಪೋಪ್ 11ನೇ ಗ್ರೆಗರಿಯವರನ್ನು ನಿರ್ಭಯವಾಗಿ ಒತ್ತಾಯಿಸಿದ ಮಹಿಳೆ ಆಕೆ. ಪೋಪ್ 6ನೇ ಪೌಲರು 1970ರ ಅಕ್ಟೋಬರ್ 4ರಂದು ಆಕೆಯನ್ನು ಧರ್ಮಸಭೆಯ ಆಚಾರ್ಯೆಯೆಂದು ಘೋಷಿಸಿದರು. ಇದೆಲ್ಲವೂ ನಿಜ. ಆದರೆ 1347ರಲ್ಲಿ ಜನಿಸಿ 1380ರ ಏಪ್ರಿಲ್ 29ರಂದು ಮೃತಳಾದ ಈ ಸಂತಳು ಇಟಲಿಯ ಸಾರ್ವಜನಿಕ ವ್ಯವಹಾರಗಳಲ್ಲಿ ತೊಡಗಿದ್ದು ಕೊನೆಯ ಆರೇಳು ವರ್ಷಗಳಲ್ಲಿ ಮಾತ್ರ. ಅದಕ್ಕೆ ಮುಂಚಿನ ಬಾಳೆಲ್ಲ ತವರೂರಿನಲ್ಲಿ, ಬಹುಪಾಲು ತಂದೆಯ ಮನೆಯಲ್ಲಿ ಕಳೆಯಿತು. ಆ ವರ್ಷಗಳನ್ನು ನಾವು ಪೀಠಿಕೆಯೆಂದು ಭಾವಿಸಿ ಬೇಗ ದಾಟಿಬಿಡುತ್ತೇವೆ. ಆದರೆ ಯುವತಿಯೊಬ್ಬಳು ದಿನನಿತ್ಯದ ಬದುಕಿನಲ್ಲಿ ಕ್ರಿಸ್ತವಿಶ್ವಾಸವನ್ನು ಹೇಗೆ ಬಾಳಿದಳು ಎಂಬ ಪ್ರಶ್ನೆಗೆ ಉತ್ತರವಿರುವುದು ಅಲ್ಲಿಯೇ.

ಆಧಾರಗಳ ಕುರಿತು

ಈ ವರ್ಷಗಳಿಗೆ ನಮ್ಮ ಮುಖ್ಯ ಆಧಾರ ಕಾಪುವಾದ ರೇಮಂಡರು 1385ರಿಂದ 1395ರ ಅವಧಿಯಲ್ಲಿ ಬರೆದ ಚರಿತ್ರೆ. ಅವರು ಕ್ಯಾಥರೀನಳ ಪಾಪನಿವೇದನಾ ಗುರುವಾದದ್ದು 1374ರಲ್ಲಿ. ಆದುದರಿಂದ ಆಕೆಯ ಬಾಲ್ಯ, ಯೌವನಗಳನ್ನು ಅವರು ಕಣ್ಣಾರೆ ಕಂಡವರಲ್ಲ. ಆಕೆಯಿಂದಲೂ, ತಾಯಿ ಲಾಪಾಳಿಂದಲೂ, ಮೊದಲ ಪಾಪನಿವೇದನಾ ಗುರು ತೊಮ್ಮಾಸೊ ದೆಲ್ಲಾ ಫೋಂತೆಯವರ ಟಿಪ್ಪಣಿಗಳಿಂದಲೂ ಸಂಗ್ರಹಿಸಿ ಬರೆದರು. ಆಕೆಯ ಸಂತತ್ವವನ್ನು ಸ್ಥಾಪಿಸುವುದೇ ಬರವಣಿಗೆಯ ಉದ್ದೇಶವಾಗಿತ್ತು. ಹೀಗಾಗಿ 20ನೇ ಶತಮಾನದ ಆರಂಭದಲ್ಲಿ ಫ್ರೆಂಚ್ ಇತಿಹಾಸಕಾರ ರೊಬೇರ್ ಫೋತಿಯೇ ಈ ಗ್ರಂಥವನ್ನು ತೀವ್ರವಾಗಿ ಸಂಶಯಿಸಿದರು. ಆ ಎಚ್ಚರ ನಮಗೂ ಬೇಕು. ಆದರೂ ಸಂತಚರಿತ್ರೆಗೆ ಶೋಭೆ ತಾರದ ಸಂಗತಿಗಳನ್ನು, ಎಂದರೆ ತಾಯಿಯ ಸಿಟ್ಟನ್ನು, ಮನೆಯ ಜಗಳವನ್ನು, ನೆರೆಯವರ ಅಪವಾದವನ್ನು ರೇಮಂಡರು ಮರೆಮಾಚಲಿಲ್ಲ. ನಾವು ಹೆಚ್ಚು ಅವಲಂಬಿಸುವುದು ಇಂಥ ವಿವರಗಳನ್ನೇ.

ಬಣ್ಣಗಾರನ ಮನೆ

ತಂದೆ ಜಾಕೊಮೊ ಬೆನಿಂಕಾಸ ಬಟ್ಟೆಗೆ ಬಣ್ಣ ಹಾಕುವ ಕಸುಬಿನವನು. ಮನೆಯಿದ್ದುದು ಫೋಂತೆಬ್ರಾಂದಾ ಬುಗ್ಗೆಯ ಸಮೀಪದಲ್ಲಿ. ಲಾಪಾಳಿಗೆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಹುಟ್ಟಿದ್ದರು; ಅವರಲ್ಲಿ ಅನೇಕರು ಉಳಿಯಲಿಲ್ಲ. ಕ್ಯಾಥರೀನಳ ಹುಟ್ಟಿನ ಮರುವರ್ಷವೇ ಮಹಾಮಾರಿ ಪ್ಲೇಗು ಸಿಯೆನಾ ನಗರವನ್ನು ಬರಿದುಮಾಡಿತು. ಮನೆಯಲ್ಲಿ ಮಕ್ಕಳು, ಮೊಮ್ಮಕ್ಕಳು, ಸೊಸೆಯರು. ಕೆಳಗೆ ಕಸುಬಿನ ಗದ್ದಲ. ಏಕಾಂತವೆಂಬುದು ಅಲ್ಲಿ ದುರ್ಲಭ.

ಹನ್ನೆರಡು ತುಂಬಿದ ಹೆಣ್ಣುಮಗುವಿನ ಮದುವೆಯ ಯೋಚನೆ ಆಗಿನ ವಾಡಿಕೆ. ಅಕ್ಕ ಬೊನವೆಂತೂರಾಳ ಒತ್ತಾಯಕ್ಕೆ ಕ್ಯಾಥರೀನಳು ಕೆಲಕಾಲ ಉಡುಗೆತೊಡುಗೆಗಳತ್ತ ಮನಸ್ಸು ಕೊಟ್ಟಳು. 1362ರಲ್ಲಿ ಆ ಅಕ್ಕ ಹೆರಿಗೆಯಲ್ಲಿ ತೀರಿಕೊಂಡಳು. ಅನಂತರ ಮನೆಯವರು ಮದುವೆಗೆ ಇನ್ನಷ್ಟು ಒತ್ತಾಯಿಸಿದರು. ಹುಡುಗಿಯ ಮನಸ್ಸನ್ನು ತಿರುಗಿಸಲೆಂದು ದೊಮಿನಿಕನ್ ಗುರುವೊಬ್ಬರನ್ನು ಕೇಳಿಕೊಂಡರು. ಆ ಗುರು ಆಕೆಯ ಮಾತನ್ನು ಕೇಳಿದ ಮೇಲೆ ಮನೆಯವರ ಪಕ್ಷ ವಹಿಸಲಿಲ್ಲ. ನಿರ್ಧಾರ ಅಷ್ಟು ದೃಢವಾಗಿದ್ದರೆ ಕೂದಲನ್ನು ಕತ್ತರಿಸಿಕೊ, ಆಗ ಅವರು ಸುಮ್ಮನಾಗಬಹುದು ಎಂಬ ಸಲಹೆ ಕೊಟ್ಟರು. ಆಕೆ ಕತ್ತರಿಸಿಕೊಂಡಳು. ಮನೆಯವರು ಸುಮ್ಮನಾಗಲಿಲ್ಲ. ಆಕೆಯ ಕೋಣೆಯನ್ನು ಕಸಿದುಕೊಂಡರು; ಕೆಲಸದಾಕೆಯ ದುಡಿಮೆಯನ್ನೆಲ್ಲ ಆಕೆಯ ಮೇಲೆ ಹೊರಿಸಿದರು. ಪ್ರಾರ್ಥನೆಗೆ ಸ್ಥಳವೂ ಇರಬಾರದು, ಸಮಯವೂ ಇರಬಾರದು ಎಂಬುದು ಅವರ ಎಣಿಕೆ.

ಆಕೆ ಇದಕ್ಕೆ ಕೊಟ್ಟ ಉತ್ತರವೇ ಮುಂದೆ ಆಕೆಯ ಬೋಧನೆಯ ತಳಹದಿಯಾಯಿತು. ಯಾರೂ ಹೊರಗಟ್ಟಲಾಗದ ಕೋಣೆಯೊಂದನ್ನು ಆಕೆ ತನ್ನ ಅಂತರಂಗದಲ್ಲಿ ಕಟ್ಟಿಕೊಂಡಳು. ತಂದೆಯಲ್ಲಿ ಕ್ರಿಸ್ತನನ್ನು, ತಾಯಿಯಲ್ಲಿ ಮಾತೆ ಮರಿಯಳನ್ನು, ಅಣ್ಣಂದಿರಲ್ಲಿ ಪ್ರೇಷಿತರನ್ನು ಕಾಣುತ್ತ ಮನೆಗೆಲಸ ಮಾಡಿದಳೆಂದು ರೇಮಂಡರು ಬರೆಯುತ್ತಾರೆ. ಮುಂದೆ ಆಕೆಯ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಆತ್ಮಜ್ಞಾನದ ಕೋಣೆ ಎಂಬ ರೂಪಕ ಹುಟ್ಟಿದ್ದು ಗ್ರಂಥಾಲಯದಲ್ಲಲ್ಲ, ಅಡುಗೆಮನೆಯಲ್ಲಿ.

ಇಲ್ಲಿ ನಾವು ಒಂದು ತಪ್ಪು ವ್ಯಾಖ್ಯಾನದಿಂದ ಎಚ್ಚರವಾಗಿರಬೇಕು. ಈ ಪ್ರಸಂಗವನ್ನು ಹೆಣ್ಣುಮಕ್ಕಳ ಮುಂದೆ ಕೇವಲ ವಿಧೇಯತೆಯ ಪಾಠವಾಗಿ ಬೋಧಿಸುವುದು ಸುಲಭ: ಮನೆಗೆಲಸ ಮಾಡು, ತಾಳಿಕೊ, ಅದೇ ಪ್ರಾರ್ಥನೆ. ಚರಿತ್ರೆ ಹೇಳುವುದು ಅಷ್ಟನ್ನೇ ಅಲ್ಲ. ಕ್ಯಾಥರೀನಳು ದುಡಿಮೆಯನ್ನು ಒಪ್ಪಿದಳು. ದೇವರಿಗೆ ಕೊಟ್ಟ ಮಾತನ್ನು ಬಿಡಲು ಒಪ್ಪಲಿಲ್ಲ. ಒಂದೇ ಮನೆಯಲ್ಲಿ, ಅದೇ ಜನರ ಮುಂದೆ, ಸೇವೆ ಮತ್ತು ನಿರಾಕರಣೆ ಎರಡೂ ಜೊತೆಯಾಗಿ ನಡೆದವು. ಸೇವೆಯಿಂದಾಗಿ ನಿರಾಕರಣೆ ಹಟವಾಗಲಿಲ್ಲ; ನಿರಾಕರಣೆಯಿಂದಾಗಿ ಸೇವೆ ದಾಸ್ಯವಾಗಲಿಲ್ಲ. ಕೊನೆಗೆ ಮನಸ್ಸು ಬದಲಿಸಿದವನು ತಂದೆ. ಇನ್ನು ಯಾರೂ ಆಕೆಗೆ ಅಡ್ಡಿಮಾಡಕೂಡದೆಂದು ಆತ ಮನೆಯವರಿಗೆ ಆಜ್ಞಾಪಿಸಿದ.

ಮಠವೂ ಅಲ್ಲ, ಮದುವೆಯೂ ಅಲ್ಲ

ಆ ಕಾಲದ ಯುವತಿಗೆ ಸಮಾಜ ತೋರಿಸುತ್ತಿದ್ದ ದಾರಿಗಳು ಎರಡು: ಮದುವೆ, ಇಲ್ಲವೇ ಕನ್ಯಾಮಠ. ಕ್ಯಾಥರೀನಳು ಎರಡನ್ನೂ ಆರಿಸಲಿಲ್ಲ. ಸಂತ ದೊಮಿನಿಕರ ಸಭೆಗೆ ಸೇರಿದ, ಮಾಂತೆಲ್ಲಾತೆ ಎಂದು ಕರೆಯಲ್ಪಡುತ್ತಿದ್ದ ಗೃಹಸ್ಥ ಮಹಿಳೆಯರ ಬಳಗವನ್ನು ಸೇರಬಯಸಿದಳು. ಬಿಳಿಯ ಉಡುಪು, ಕಪ್ಪು ಹೊದಿಕೆ ಧರಿಸಿ ಅವರು ತಮ್ಮ ತಮ್ಮ ಮನೆಗಳಲ್ಲೇ ಇರುತ್ತಿದ್ದರು. ಪ್ರಾರ್ಥನೆ ಮತ್ತು ರೋಗಿಗಳ, ಬಡವರ ಸೇವೆ ಅವರ ವ್ರತವಾಗಿತ್ತು. ಅವರಲ್ಲಿ ಹೆಚ್ಚಿನವರು ವಿಧವೆಯರು. ಮಠದ ಗೋಡೆಯ ರಕ್ಷಣೆಯಿಲ್ಲದ ಕನ್ಯೆಯನ್ನು ಸೇರಿಸಿಕೊಂಡರೆ ಅಪವಾದ ಬಂದೀತೆಂದು ಮೊದಲು ನಿರಾಕರಿಸಿದರು. ಲಾಪಾ ಮಗಳನ್ನು ಬಿಸಿನೀರಿನ ಬುಗ್ಗೆಗಳಿಗೆ ಕರೆದೊಯ್ದು ಮನಸ್ಸು ತಿರುಗಿಸಲು ಯತ್ನಿಸಿದ್ದೂ ಫಲಿಸಲಿಲ್ಲ. ಮಗಳು ಕಾಯಿಲೆ ಬಿದ್ದಾಗ ಆ ತಾಯಿಯೇ ಹೋಗಿ ಬಳಗದವರನ್ನು ಬೇಡಿಕೊಂಡಳು. ಕ್ಯಾಥರೀನಳು ಹದಿಹರೆಯದಲ್ಲೇ ಆ ಉಡುಪನ್ನು ಧರಿಸಿದಳು.

ಮುಂದಿನ ಮೂರು ವರ್ಷ ಮನೆಯ ಪುಟ್ಟ ಕೋಣೆಯಲ್ಲಿ ಮೌನವಾಗಿದ್ದಳು. ಆ ಬಳಿಕ, 1368ರ ಸುಮಾರಿಗೆ, ಕ್ರಿಸ್ತನು ಆಕೆಯನ್ನು ಮನೆಯವರ ಊಟದ ಮೇಜಿಗೆ ಹೋಗುವಂತೆ ಹೇಳಿದನೆಂದು ರೇಮಂಡರು ತಿಳಿಸುತ್ತಾರೆ. ಆಕೆ ಅಳುತ್ತಾಳೆ, ತಾನು ಹೆಣ್ಣು, ಜನಕ್ಕೆ ತನ್ನಿಂದೇನು ಪ್ರಯೋಜನವೆನ್ನುತ್ತಾಳೆ. ದೇವಪ್ರೀತಿ ಮತ್ತು ಪರಪ್ರೀತಿ ಎಂಬ ಎರಡು ಪಾದಗಳಿಂದ ನಡೆಯಬೇಕೆಂದೂ, ತಾವೇ ಪಂಡಿತರೆಂದು ಬೀಗುವವರ ಗರ್ವವನ್ನು ಮುರಿಯಲು ಹೆಂಗಸರನ್ನೇ ಕಳುಹಿಸುವೆನೆಂದೂ ಉತ್ತರ ಬರುತ್ತದೆ. ಈ ಮಾತನ್ನು ಬರೆದಿಟ್ಟವರು ದೈವಶಾಸ್ತ್ರ ಕಲಿತ ಗುರು ಎಂಬುದನ್ನು ನಾವು, ದೈವಶಾಸ್ತ್ರ ಬೋಧಿಸುವವರು, ಮರೆಯಬಾರದು. ದರ್ಶನದ ಫಲವಾಗಿ ಆಕೆ ಮೊದಲು ಹೋದದ್ದು ಪೋಪರ ಆಸ್ಥಾನಕ್ಕಲ್ಲ, ಅಣ್ಣ ಅತ್ತಿಗೆಯರ ಪಂಕ್ತಿಗೆ.

ಅಲ್ಲಿಂದ ಬಡವರ ಮನೆಗಳಿಗೆ, ರೋಗಿಗಳ ಬಳಿಗೆ. ಸ್ತನದ ವ್ರಣದಿಂದ ನರಳುತ್ತಿದ್ದ ಆಂದ್ರೆಯಾ ಎಂಬಾಕೆ, ತನ್ನನ್ನು ಶುಶ್ರೂಷೆ ಮಾಡುತ್ತಿದ್ದ ಕ್ಯಾಥರೀನಳ ಶೀಲದ ಮೇಲೆಯೇ ಅಪವಾದ ಹೊರಿಸಿದಳು. ಇನ್ನು ಅಲ್ಲಿಗೆ ಹೋಗಬೇಡವೆಂದು ಲಾಪಾ ಸಿಡಿದಳು. ಕ್ಯಾಥರೀನಳು ತಾಯಿಯನ್ನು ಸಮಾಧಾನಪಡಿಸಿ ಮತ್ತೆ ಹೋದಳು. ಆಂದ್ರೆಯಾ ಕಡೆಗೆ ತನ್ನ ಸುಳ್ಳನ್ನು ಒಪ್ಪಿಕೊಂಡಳು.

ಅನುಕರಿಸಬಾರದ ಅಂಶ

ಕ್ಯಾಥರೀನಳ ಉಪವಾಸ ಅತಿಯಾಗಿತ್ತು. ಕೊನೆಕೊನೆಗೆ ಆಹಾರವೇ ಸೇರದಂತಾಯಿತು. ಇತಿಹಾಸಕಾರ ರುಡಾಲ್ಫ್ ಬೆಲ್ 1985ರಲ್ಲಿ ಇದನ್ನು ಇಂದಿನ ಅನ್ನದ್ವೇಷದ ಕಾಯಿಲೆಯೊಂದಿಗೆ ಹೋಲಿಸಿದರು. 1987ರಲ್ಲಿ ಕ್ಯಾರೊಲಿನ್ ಬೈನಮ್ ಅದನ್ನು ಪರಮಪ್ರಸಾದದ ಭಕ್ತಿಯ, ಹಸಿದವರಿಗೆ ಉಣಿಸುವ ಸೇವೆಯ ಹಿನ್ನೆಲೆಯಲ್ಲಿ ನೋಡಬೇಕೆಂದು ವಾದಿಸಿದರು. ಚರ್ಚೆ ಮುಗಿದಿಲ್ಲ. ಆದರೆ ತಪಸ್ಸು ಸಾಧನವೇ ಹೊರತು ಗುರಿಯಲ್ಲ, ಅದಕ್ಕೆ ವಿವೇಕದ ಅಳತೆಯಿರಬೇಕೆಂದು ಬೋಧಿಸಿದವಳು ಆಕೆಯೇ. ಊಟ ಬಿಟ್ಟ ಹುಡುಗಿಯಲ್ಲಿ ಭಕ್ತಿಯನ್ನಷ್ಟೇ ಕಂಡು ಕಾಯಿಲೆಯನ್ನು ಕಾಣದ ಪಾಪನಿವೇದನಾ ಗುರು ಆಕೆಗೆ ಅನ್ಯಾಯ ಮಾಡುತ್ತಾನೆ.

ನಮಗೆ ಉಳಿಯುವ ಪ್ರಶ್ನೆ

ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಪಾವಿತ್ರ್ಯದ ಕರೆ ಎಲ್ಲರಿಗೂ ಎಂದು ಸಾರಿತು. ಆದರೂ ಧರ್ಮಕೇಂದ್ರದಲ್ಲಿ ಭಕ್ತಿವಂತ ಯುವತಿಯನ್ನು ಕಂಡಾಗ ನಾವು ಕೇಳುವುದು ಇಂದಿಗೂ ಎರಡೇ ಪ್ರಶ್ನೆ: ಮಠಕ್ಕೆ ಸೇರುತ್ತೀಯಾ? ಮದುವೆ ಯಾವಾಗ? ಕಚೇರಿಗೆ ಹೋಗಿಬಂದು, ವಯಸ್ಸಾದ ತಂದೆತಾಯಿಯನ್ನು ನೋಡಿಕೊಂಡು, ಸಂಜೆ ಧರ್ಮೋಪದೇಶ ಕಲಿಸುವವಳು ಏನೋ ಒಂದಕ್ಕಾಗಿ ಕಾಯುತ್ತಿದ್ದಾಳೆಂದು ಊಹಿಸಿಕೊಳ್ಳುತ್ತೇವೆ. ಆಕೆ ಕಾಯುತ್ತಿಲ್ಲ, ಆಗಲೇ ಬಾಳುತ್ತಿದ್ದಾಳೆ ಎಂಬ ಸಾಧ್ಯತೆ ನಮಗೆ ಹೊಳೆಯುವುದಿಲ್ಲ.

ಕ್ಯಾಥರೀನಳ ಯೌವನದಲ್ಲಿ ಮೂವರು ಆಕೆಗೆ ದಾರಿಬಿಟ್ಟರು: ಮನವೊಲಿಸಲು ಬಂದು ಮನಗೊಟ್ಟು ಕೇಳಿದ ಗುರು, ಕೊನೆಗೆ ಅಡ್ಡಿ ತೆಗೆದ ತಂದೆ, ತಮ್ಮ ನಿಯಮವನ್ನು ಸಡಿಲಿಸಿದ ವಿಧವೆಯರ ಬಳಗ. ಅವರಾರೂ ಆಕೆಯ ಪಾವಿತ್ರ್ಯವನ್ನು ನಿರ್ಮಿಸಲಿಲ್ಲ. ಅದು ದೇವರ ಕೆಲಸ. ಅವರು ಮಾಡಿದ್ದು, ತಡವಾಗಿಯಾದರೂ, ಬಾಗಿಲನ್ನು ತೆರೆದದ್ದು. ಪಾಪನಿವೇದನೆಯ ಪೀಠದಲ್ಲಿ ನಾಳೆ ಕುಳಿತುಕೊಳ್ಳಲಿರುವ ನಮ್ಮ ಗುರು ಅಭ್ಯರ್ಥಿಗಳು ಆ ಮೊದಲ ಗುರುವನ್ನು ನೆನಪಿನಲ್ಲಿಡಲಿ. ಅವರು ಹುಡುಗಿಗೆ ಉತ್ತರ ಹೇಳುವ ಮೊದಲು ಆಕೆಯ ಮಾತನ್ನು ಪೂರ್ತಿ ಕೇಳಿದ್ದರು.