ಒಂದು ವಿಲ್ ಮತ್ತು 1923ರ ಒಪ್ಪಂದ: ಕೊಮೊಟಿನಿಯ ಕಥೆ

ಗ್ರೀಸ್ ಅಂದ್ರೆ ನಮಗೆ ನೆನಪಾಗೋದು ಅಥೆನ್ಸ್, ನೀಲಿ ಸಮುದ್ರ, ಬಿಳಿ ಗೋಡೆಯ ಮನೆಗಳು. ಇವತ್ತು ಅದ್ಯಾವುದೂ ಬೇಡ. ಆ ದೇಶದ ಈಶಾನ್ಯ ಮೂಲೆಯಲ್ಲಿರೋ ಕೊಮೊಟಿನಿಗೆ ಹೋಗೋಣ. ಪೂರ್ವ ಮ್ಯಾಸಿಡೋನಿಯಾ ಮತ್ತು ಥ್ರೇಸ್ ಪ್ರಾಂತ್ಯದ ರಾಜಧಾನಿ ಅದು. ತುರ್ಕಿ ಭಾಷೆಯವರು ಇದೇ ಊರನ್ನ ಗ್ಯುಮುಲ್ಜಿನೆ ಅಂತಾರೆ. ಇಲ್ಲಿ ಚರ್ಚ್ ಗಂಟೆಯೂ ಕೇಳುತ್ತೆ, ಆಜಾನ್ ಕೂಡ ಕೇಳುತ್ತೆ. ಒಟ್ಟೋಮನ್ನರು 1884ರಲ್ಲಿ ಕಟ್ಟಿಸಿದ ಗಡಿಯಾರ ಗೋಪುರ ಮಸೀದಿಯ ಪಕ್ಕದಲ್ಲಿ ಇವತ್ತಿಗೂ ನಿಂತಿದೆ.

ಇದೆಲ್ಲ ಹೇಗೆ ಉಳಿಯಿತು?

1923ರ ಜನವರಿಯಲ್ಲಿ, ಯುದ್ಧ ಮುಗಿಸಿದ್ದ ಗ್ರೀಸ್ ಮತ್ತು ತುರ್ಕಿ ಲೌಸಾನ್‌ನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಜನರನ್ನೇ ಅದಲು ಬದಲು ಮಾಡಿಕೊಳ್ಳೋದು ಅಂತ. ಸುಮಾರು 12 ಲಕ್ಷ ಕ್ರೈಸ್ತರು ಗ್ರೀಸ್ ಪಾಲಿಗೆ, ಸುಮಾರು 4 ಲಕ್ಷ ಮುಸ್ಲಿಮರು ತುರ್ಕಿ ಪಾಲಿಗೆ. ನೀವು ಯಾವ ಭಾಷೆ ಆಡ್ತೀರಿ ಅಂತ ಯಾರೂ ಕೇಳಲಿಲ್ಲ, ಧರ್ಮ ಮಾತ್ರ ನೋಡಿದರು. ತುರ್ಕಿ ಮಾತಾಡೋ ಕ್ರೈಸ್ತರು ಗ್ರೀಸ್‌ಗೆ ಬಂದರು, ಗ್ರೀಕ್ ಮಾತಾಡೋ ಕ್ರೀಟ್‌ನ ಮುಸ್ಲಿಮರು ತುರ್ಕಿಗೆ ಹೋದರು.

ಬಿಕಾಂನಲ್ಲಿ ನಮಗೆ ಒಂದು ಪಾಠ ಹೇಳಿಕೊಡ್ತಿದ್ರು: ಬ್ಯಾಲೆನ್ಸ್ ಶೀಟ್ ನೋಡಿದರೆ ಸಾಲದು, ಕೆಳಗಿನ ನೋಟ್ಸ್ ಓದಬೇಕು. ಈ ಒಪ್ಪಂದಕ್ಕೂ ಅಂಥದ್ದೊಂದು ವಿನಾಯಿತಿ ಇತ್ತು. ಇಸ್ತಾಂಬುಲ್‌ನ ಗ್ರೀಕರು ಮತ್ತು ಪಶ್ಚಿಮ ಥ್ರೇಸ್‌ನ ಮುಸ್ಲಿಮರು ಇದ್ದಲ್ಲೇ ಇರಬಹುದು. ಕೊಮೊಟಿನಿಯ ಮುಸ್ಲಿಮರು ಉಳಿದದ್ದು ಹೀಗೆ. ಅವರಲ್ಲಿ ತುರ್ಕಿ ಮಾತಾಡೋರು, ಪೊಮಾಕರು, ರೋಮಾ ಜನ, ಎಲ್ಲರೂ ಇದ್ದಾರೆ. ಸರ್ಕಾರದ ಲೆಕ್ಕದಲ್ಲಿ ಮಾತ್ರ ಎಲ್ಲರೂ ಒಂದೇ: ‘ಮುಸ್ಲಿಂ ಅಲ್ಪಸಂಖ್ಯಾತರು’.

ಊರಿನ ಯಹೂದಿಗಳಿಗೆ ಆ ಅದೃಷ್ಟ ಇರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಊರು ಬಲ್ಗೇರಿಯಾದ ಕೈಯಲ್ಲಿತ್ತು. 1943ರ ಮಾರ್ಚ್‌ನಲ್ಲಿ ಅವರನ್ನ ಹಿಡಿದು ಟ್ರೆಬ್ಲಿಂಕಾಗೆ ಸಾಗಿಸಿದರು, ಅಲ್ಲಿ ಕೊಂದರು.

ಇನ್ನು, ಉಳಿದವರಿಗೆ ಆ ವಿನಾಯಿತಿ ಬರೀ ರಕ್ಷಣೆಯಾಗಿತ್ತಾ? ಇದೇ ಊರಿನ ಒಬ್ಬ ವಿಧವೆಯ ಕಥೆ ಕೇಳಿ. ಆಕೆಯ ಗಂಡ ನೋಟರಿ ಮುಂದೆ, ಗ್ರೀಸ್‌ನ ಸಾಮಾನ್ಯ ಕಾನೂನಿನ ಪ್ರಕಾರವೇ ವಿಲ್ ಬರೆದು, ಎಲ್ಲ ಆಸ್ತಿಯನ್ನೂ ಆಕೆಗೇ ಬಿಟ್ಟಿದ್ದರು. 2008ರಲ್ಲಿ ಅವರು ತೀರಿಕೊಂಡ ಮೇಲೆ ನಾದಿನಿಯರು ಕೋರ್ಟಿಗೆ ಹೋದರು. ‘ಅವನು ಥ್ರೇಸ್‌ನ ಮುಸ್ಲಿಂ, ಷರಿಯಾ ಪ್ರಕಾರವೇ ಪಾಲಾಗಬೇಕು’ ಅನ್ನೋದು ಅವರ ವಾದ. ಕೆಳ ಕೋರ್ಟ್‌ಗಳಲ್ಲಿ ಆಕೆ ಗೆದ್ದರು. ಆದರೆ 2013ರಲ್ಲಿ ಗ್ರೀಸ್‌ನ ಸರ್ವೋಚ್ಚ ನ್ಯಾಯಾಲಯ ನಾದಿನಿಯರ ವಾದ ಒಪ್ಪಿತು. ಆಸ್ತಿಯಲ್ಲಿ ಮುಕ್ಕಾಲು ಭಾಗ ಆಕೆಯ ಕೈತಪ್ಪಿತು. ಗಂಡ ಕ್ರೈಸ್ತನಾಗಿದ್ದರೆ ಅದೇ ವಿಲ್ ನಡೆಯುತ್ತಿತ್ತು!

ಆಕೆ ಬಿಡಲಿಲ್ಲ, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2018ರ ಡಿಸೆಂಬರ್ 19ರಂದು ಆ ನ್ಯಾಯಾಲಯ ಒಮ್ಮತದಿಂದ ಹೇಳಿತು: ಇದು ತಾರತಮ್ಯ. ಅದೇ ವರ್ಷದ ಆರಂಭದಲ್ಲಿ ಗ್ರೀಸ್ ಕೂಡ ಕಾನೂನು ಬದಲಿಸಿ, ಇಂಥ ವಿಷಯದಲ್ಲಿ ಷರಿಯಾ ಕಡ್ಡಾಯವಲ್ಲ ಅಂದಿತ್ತು.

ಒಂದು ಸಮುದಾಯವನ್ನ ಉಳಿಸಿದ್ದು ಆ ವಿನಾಯಿತಿಯೇ, ಅದರೊಳಗಿನ ಒಬ್ಬ ಹೆಂಗಸಿನ ಕೈ ಕಟ್ಟಿದ್ದೂ ಅದರ ನೆಪವೇ. ‘ನಿಮ್ಮ ಗುಂಪಿಗೆ ರಕ್ಷಣೆ ಕೊಡ್ತೀವಿ’ ಅಂತ ಯಾರಾದರೂ ಹೇಳಿದಾಗ ನಾನು ಈಗ ಇನ್ನೊಂದು ಪ್ರಶ್ನೆ ಕೇಳ್ತೀನಿ: ಗುಂಪಿನೊಳಗಿನ ಒಬ್ಬರಿಗೆ ‘ನನಗೆ ಬೇಡ’ ಅನ್ನೋ ಹಕ್ಕು ಇದೆಯಾ?

ಮುಂದಿನ ಸಂಚಿಕೆಯಲ್ಲಿ ಸಿಗೋಣ.