ಪರದೆಯ ಮೇಲೆ ಯಾರ ಕನ್ನಡ?

ವಚನ ಓದಿದವರಿಗೆ ದೇವರ ಹಿಪ್ಪರಗಿ ಎಂದಕೂಡಲೇ ನೆನಪಾಗುವುದು ಮಡಿವಾಳ ಮಾಚಿದೇವ. ಹನ್ನೆರಡನೆಯ ಶತಮಾನದ ಆ ಶರಣ ಹುಟ್ಟಿದ ಊರು ಇದು. ಹಿಂದೆ ಸಿಂದಗಿ ತಾಲೂಕಿಗೆ ಸೇರಿದ್ದ ಊರು ಈಗ ತಾನೇ ತಾಲೂಕು ಕೇಂದ್ರ. ಪಕ್ಕದ ಇಂಡಿ ದಾಟಿದರೆ ಮಹಾರಾಷ್ಟ್ರ. ಈ ಸೀಮೆಯ ಜನಕ್ಕೆ ಹಿಂದಿ ಸಿನಿಮಾ ಹೊಸದಲ್ಲ.

ಇಂಥ ಊರಿನಲ್ಲಿ ಯಾರಾದರೂ ಒಂದು ಕಂಪ್ಯೂಟರು, ಒಂದು ಮೈಕು ಇಟ್ಟುಕೊಂಡು ಡಬ್ಬಿಂಗ್, ಸಬ್‌ಟೈಟಲ್ ಕೆಲಸ ಶುರುಮಾಡುತ್ತೇನೆ ಎಂದರೆ ಇಂದು ಅದು ಒಂದು ಉದ್ಯೋಗದ ಮಾತು. 2010ರಲ್ಲಿ ಅದೇ ಮಾತು ಆಡಿದ್ದರೆ ಕೇಳಿದವರು ನಕ್ಕುಬಿಡುತ್ತಿದ್ದರು. ಜಾಹೀರಾತುಗಳನ್ನು ಬಿಟ್ಟರೆ ಕನ್ನಡಕ್ಕೆ ಡಬ್ ಮಾಡಿಸುವವರೇ ಇರಲಿಲ್ಲ. ಹಾಗೇಕೆ ಆಯಿತು ಎಂಬುದಕ್ಕೆ ಒಂದು ಚರಿತ್ರೆ ಇದೆ.

ಆ ಚರಿತ್ರೆ ಒಂದು ಸೋಜಿಗದಿಂದ ಆರಂಭವಾಗುತ್ತದೆ. 1943ರಲ್ಲಿ ಎ.ವಿ. ಮೇಯಪ್ಪನ್ ಅವರು ಆರ್. ನಾಗೇಂದ್ರರಾಯರ ನಿರ್ದೇಶನದಲ್ಲಿ ಕನ್ನಡದ ‘ಸತ್ಯ ಹರಿಶ್ಚಂದ್ರ’ ತೆಗೆದರು. ಸುಬ್ಬಯ್ಯ ನಾಯ್ಡು, ಲಕ್ಷ್ಮೀಬಾಯಿ ಅದರ ನಟರು. ಮರುವರ್ಷ ಅದಕ್ಕೇ ತಮಿಳು ದನಿ ಕೂಡಿಸಿ ಬಿಡುಗಡೆ ಮಾಡಿದರು. ಭಾರತದಲ್ಲಿ ಒಂದು ಭಾಷೆಯಿಂದ ಇನ್ನೊಂದಕ್ಕೆ ಡಬ್ ಆದ ಮೊದಲ ಚಿತ್ರ ಎಂದು ಸಿನಿಮಾ ಚರಿತ್ರೆಗಳು ಹೇಳುವುದು ಅದನ್ನೇ. ಅಂದರೆ ಮುಂದೆ ಡಬ್ಬಿಂಗ್ ಬೇಡವೆಂದ ಕನ್ನಡವೇ ಈ ಕಸುಬಿಗೆ ಮೊದಲ ಸರಕು ಒದಗಿಸಿತ್ತು.

1960ರ ದಶಕದ ಹೊತ್ತಿಗೆ ಗಾಳಿ ಬದಲಾಗಿತ್ತು. ಕನ್ನಡ ಚಿತ್ರಗಳು ಇನ್ನೂ ಮದರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದವು, ಸಂಖ್ಯೆಯೂ ಕಡಿಮೆ. ‘ಮಾಯಾಬಜಾರ್’ನಂಥ ಅದ್ದೂರಿ ತೆಲುಗು ಚಿತ್ರ ಕನ್ನಡದಲ್ಲೇ ಮಾತಾಡುತ್ತ ಬಂದರೆ ಇಲ್ಲಿನ ನಟ, ತಂತ್ರಜ್ಞ, ನಿರ್ಮಾಪಕರ ಗತಿಯೇನು? ಅ.ನ.ಕೃ., ಮ. ರಾಮಮೂರ್ತಿ ಅವರಂಥವರ ಹೋರಾಟಕ್ಕೆ ಕಲಾವಿದರೂ ಜೊತೆಯಾದರು. ಡಬ್ಬಿಂಗ್ ನಿಂತಿತು. ಅದನ್ನು ಯಾವ ಕಾನೂನೂ ನಿಷೇಧಿಸಿರಲಿಲ್ಲ. ಉದ್ಯಮದ ಒಳಗಿನ ಕಟ್ಟುಪಾಡೇ ಕಾನೂನಿನಂತೆ ನಡೆಯಿತು. ಆ ಕಾಲದ ಭಯ ಸುಳ್ಳಲ್ಲ, ಆ ಕಟ್ಟುಪಾಡಿನ ನೆರಳಲ್ಲೇ ಕನ್ನಡ ಚಿತ್ರರಂಗ ಬೆಳೆದು ನಿಂತಿತು. ಆದರೆ ಬೆಳೆದ ಮೇಲೂ ಬೇಲಿ ಹಾಗೆಯೇ ಉಳಿಯಿತು.

2012ರಲ್ಲಿ ಆಮಿರ್ ಖಾನರ ‘ಸತ್ಯಮೇವ ಜಯತೆ’ ತಮಿಳು, ತೆಲುಗು, ಮಲಯಾಳದಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ಅದೇ ವರ್ಷ ಕನ್ನಡ ಗ್ರಾಹಕರ ಕೂಟ ಭಾರತೀಯ ಸ್ಪರ್ಧಾ ಆಯೋಗದ ಮೊರೆ ಹೋಯಿತು. ನೋಡುಗನಿಗೆ ತನ್ನ ನುಡಿಯಲ್ಲಿ ನೋಡುವ ಹಕ್ಕಿದೆ ಎಂಬುದು ಕೂಟದ ವಾದ. 2015ರ ಜುಲೈನಲ್ಲಿ ಆಯೋಗ ಡಬ್ಬಿಂಗ್ ತಡೆಯುವುದು ಸ್ಪರ್ಧೆಗೆ ಮಾರಕ ಎಂದು ಹೇಳಿ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿದಂತೆ ಕೆಲವು ಸಂಸ್ಥೆಗಳಿಗೆ ದಂಡ ಹಾಕಿತು. 2017ರ ಮಾರ್ಚಿನಲ್ಲಿ ತಮಿಳಿನ ‘ಯೆನ್ನೈ ಅರಿಂದಾಲ್’ ಕನ್ನಡದಲ್ಲಿ ‘ಸತ್ಯದೇವ್ ಐಪಿಎಸ್’ ಆಗಿ ಪ್ರತಿಭಟನೆಗಳ ನಡುವೆ ತೆರೆ ಕಂಡಿತು. ಅದೇ ತಿಂಗಳು, ಬಂಗಾಳಿಗೆ ಡಬ್ ಆದ ‘ಮಹಾಭಾರತ’ ಧಾರಾವಾಹಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೂ ಸ್ಪರ್ಧಾ ಆಯೋಗದ ಪರವಾಗಿಯೇ ತೀರ್ಪು ಕೊಟ್ಟಿತು. 2018ರ ಡಿಸೆಂಬರಿನಲ್ಲಿ ‘ಕೆಜಿಎಫ್’ ಕನ್ನಡದ ಜೊತೆಗೆ ಇನ್ನೂ ನಾಲ್ಕು ಭಾಷೆಗಳಲ್ಲಿ ಓಡಿತು. 2020ರ ಲಾಕ್‌ಡೌನಿನಲ್ಲಿ ಡಬ್ ಆದ ‘ಮಹಾಭಾರತ’ ಕನ್ನಡ ವಾಹಿನಿಯಲ್ಲಿ ಮನೆಮನೆಗೆ ಬಂತು.

ಬಾಗಿಲು ತೆರೆಯಿತು, ಸರಿ. ಒಳಗಿನ ಕೆಲಸ ಸುಲಭದ್ದಲ್ಲ. ಪರದೆಯ ಮೇಲೆ ತುಟಿ ಮುಚ್ಚಿದ ಗಳಿಗೆಗೆ ಪ, ಬ, ಮ ಅಕ್ಷರಗಳು ಬೀಳಬೇಕು. ಇಂಗ್ಲಿಷಿನಲ್ಲಿ ನಡುವೆ ಬರುವ ಕ್ರಿಯಾಪದ ಕನ್ನಡದಲ್ಲಿ ಕೊನೆಗೆ ಬರುವುದರಿಂದ, ನಟ ಬೆರಳು ಮಾಡಿ ತೋರಿಸುವ ಹೊತ್ತಿಗೆ ಮಾತು ಇನ್ನೂ ಅರ್ಧದಲ್ಲಿರುತ್ತದೆ. ಸಬ್‌ಟೈಟಲ್ಲಿಗೆ ಸಿಗುವುದು ಎರಡು ಸಾಲು, ಕೆಲವೇ ಸೆಕೆಂಡು. ಹಾಗಾಗಿ ಅನುವಾದಕ ಪದಗಳನ್ನು ಬಿಟ್ಟು ಮಾತಿನ ತೂಕವನ್ನು ಹಿಡಿಯಬೇಕಾಗುತ್ತದೆ.

ಇಲ್ಲಿಯೇ ಹಿಪ್ಪರಗಿಯ ಪ್ರಶ್ನೆ ಏಳುವುದು. ಹಿಂದಿಯ ‘ಚಲಿಯೇ’ ಬೆಂಗಳೂರಿನ ಬಾಯಲ್ಲಿ ‘ಬನ್ನಿ, ಹೋಗೋಣ’. ವಿಜಯಪುರದ ಬಾಯಲ್ಲಿ ‘ಬರ್ರಿ, ಹೋಗೂಣು’. ಮೊದಲನೆಯದು ಕಥಾನಾಯಕನಿಗೆ, ಎರಡನೆಯದು ನಗಿಸುವ ಪಾತ್ರಕ್ಕೆ ಎಂಬುದು ನಮ್ಮ ಸಿನಿಮಾದ ಹಳೆಯ ರೂಢಿ. ಡಬ್ಬಿಂಗ್ ಆ ರೂಢಿಯನ್ನೇ ಮುಂದುವರಿಸಿದರೆ, ನೋಡುಗನ ಹಕ್ಕಿನ ಹೆಸರಲ್ಲಿ ಗೆದ್ದ ಹೋರಾಟ ಅರ್ಧ ನಾಡಿಗಷ್ಟೇ ಸಂದೀತು. ಗಂಭೀರವಾದ ಮಾತನ್ನು ಗಂಭೀರವಾಗಿಯೇ ಆಡಬಲ್ಲ ವಿಜಯಪುರದ ಕನ್ನಡವನ್ನು ಪರದೆಗೆ ತರಲು, ಆ ಕನ್ನಡದಲ್ಲೇ ಉಂಡು, ಜಗಳವಾಡಿ, ಅತ್ತು ಬೆಳೆದವರು ಬರೆಯಲು ಕೂರಬೇಕು.

ಸಣ್ಣ ಊರಿನ ಸಣ್ಣ ಉದ್ಯಮಕ್ಕೆ ಇರುವ ಬಂಡವಾಳವೂ ಅದೇ. ಯಂತ್ರ, ತಂತ್ರಾಂಶ ಎಲ್ಲಿ ಬೇಕಾದರೂ ಸಿಗುತ್ತವೆ. ಬೇರೆಯವರ ಬಟ್ಟೆಯನ್ನು ಮಡಿ ಮಾಡುವುದನ್ನೇ ಕಾಯಕವಾಗಿಸಿಕೊಂಡವನ ಊರು ಇದು. ಬೇರೆಯವರ ಮಾತನ್ನು ತನ್ನ ನುಡಿಯಲ್ಲಿ ಮಡಿ ಮಾಡಿಕೊಡುವುದು ಈ ಊರಿಗೆ ಹೊರತಾದ ಕೆಲಸವೇನಲ್ಲ.