ತಾತನ ದುಡಿಮೆ ಎಷ್ಟು ಗಂಟೆ?

ಕಳೆದ ರಾಜ್ಯೋತ್ಸವದ ದಿನ ಊಟಕ್ಕೆ ಕೂತಿದ್ದಾಗ ಪಕ್ಕದಲ್ಲಿದ್ದ ಗೆಳೆಯರೊಬ್ಬರು, "ವಾರಕ್ಕೆ ಅರವತ್ತು ಗಂಟೆ ದುಡೀತಿದ್ದೀವಿ ಕಣ್ರೀ, ಆ ಕಾಲದ ಗುಲಾಮರೂ ಇಷ್ಟು ಮಾಡಿರಲಿಕ್ಕಿಲ್ಲ" ಅಂದರು. ಎಲ್ಲರೂ ನಕ್ಕೆವು. ಓವರ್‌ಟೈಮ್ ದುಡ್ಡು ಕೈಗೆ ಬರುವ ತಿಂಗಳಲ್ಲಿ ಇಂಥ ಮಾತು ತಮಾಷೆಯಾಗೇ ಕೇಳಿಸುತ್ತೆ. ನನಗೆ ಮಾತ್ರ ಅದು ತಲೇಲಿ ಕೂತುಬಿಟ್ಟಿತು. ನಮ್ಮ ತಾತ ಜೀತಕ್ಕಿದ್ದವರು. ಹಾಗಾಗಿ ಲೈಬ್ರರಿಯಿಂದ ಒಂದಷ್ಟು ಪುಸ್ತಕ ತಂದು ಓದಿದೆ. ನಾನು ಐಟಿಐ ಓದಿದವನು, ಇತಿಹಾಸದ ಪಂಡಿತನಲ್ಲ. ಓದಿ ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ಗೆಳೆಯರ ಲೆಕ್ಕ ತಪ್ಪಲ್ಲ. ನಮ್ಮ ಶಿಕಾಗೊ ವಿಶ್ವವಿದ್ಯಾಲಯದಲ್ಲೇ ಪಾಠ ಮಾಡುತ್ತಿದ್ದ, 1993ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಾಬರ್ಟ್ ಫೋಗೆಲ್ ಮತ್ತು ಅವರ ಜೊತೆಗಾರರು ಇದನ್ನು ಕೂತು ಎಣಿಸಿದ್ದಾರೆ. ಅವರ ಅಂದಾಜಿನಲ್ಲಿ ದಕ್ಷಿಣದ ಹತ್ತಿ ಹೊಲದ ಗುಲಾಮ ವರ್ಷಕ್ಕೆ ಸುಮಾರು 2,800 ಗಂಟೆ ದುಡಿಯುತ್ತಿದ್ದ. ಅದೇ ಕಾಲದ ಉತ್ತರದ ಸ್ವತಂತ್ರ ರೈತ 3,000ಕ್ಕೂ ಮೇಲೆ. ನಮ್ಮ ವಾರದ 60 ಗಂಟೆಯನ್ನು 50 ವಾರಕ್ಕೆ ಗುಣಿಸಿದರೆ ನಾವೂ 3,000!

ಇದು ಹೇಗೆ ಅಂದರೆ, ಗುಲಾಮರಿಗೆ ಸಾಮಾನ್ಯವಾಗಿ ಭಾನುವಾರ ಹೊಲದ ಕೆಲಸ ಇರುತ್ತಿರಲಿಲ್ಲ. ಉತ್ತರದ ರೈತನ ಮನೇಲಿ ಹಸುಗಳಿದ್ದವು. ಹಸುವಿಗೆ ಭಾನುವಾರ ಗೊತ್ತಾ? ಊರಲ್ಲಿ ಹಾಲು ಕರೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಮಾತನ್ನೂ ಫೋಗೆಲ್ ಹೇಳುತ್ತಾರೆ: ಗುಂಪು ಕಟ್ಟಿ, ಹಿಂದೆ ಮೇಸ್ತ್ರಿ ನಿಂತು ಮಾಡಿಸುವ ಕೆಲಸದಲ್ಲಿ ಒಂದೊಂದು ಗಂಟೆಯಲ್ಲೂ ಹಿಂಡುತ್ತಿದ್ದುದು ಹೆಚ್ಚು. ಮೇಸ್ತ್ರಿ ಕೈಲಿ ಚಾವಟಿ ಇತ್ತು ಅನ್ನೋದನ್ನು ಮರೆಯಬಾರದು.

ಅಂಕಿ ಸರಿ ಇರಬಹುದು. ಆದರೆ ಸಾಲೊಮನ್ ನಾರ್ಥಪ್ ಬರೆದದ್ದನ್ನು ಓದಿದ ಮೇಲೆ ಆ ಅಂಕಿ ನನಗೆ ಸಾಲಲಿಲ್ಲ. ನ್ಯೂಯಾರ್ಕಿನ ಸ್ವತಂತ್ರ ಕರಿಯ ಮನುಷ್ಯ, ಅಪಹರಿಸಿ ಲೂಸಿಯಾನಾದಲ್ಲಿ ಹನ್ನೆರಡು ವರ್ಷ ಗುಲಾಮನಾಗಿ ದುಡಿಸಿದರು. 1853ರಲ್ಲಿ ಬಿಡುಗಡೆಯಾಗಿ ಪುಸ್ತಕ ಬರೆದ. ಹತ್ತಿ ಬಿಡಿಸೋ ಕಾಲದಲ್ಲಿ ಬೆಳಕು ಹರಿಯುತ್ತಲೇ ಹೊಲದಲ್ಲಿರಬೇಕು, ಮಧ್ಯಾಹ್ನ ತಂಗಳು ತಿನ್ನಲು ಹತ್ತು ಹದಿನೈದು ನಿಮಿಷ, ಆಮೇಲೆ ಕಣ್ಣು ಕಾಣದಷ್ಟು ಕತ್ತಲಾಗುವವರೆಗೆ ನಿಲ್ಲುವಂತಿಲ್ಲ. ಹುಣ್ಣಿಮೆ ಬಂದರೆ ಎಷ್ಟೋ ಸಲ ನಡುರಾತ್ರಿ ತನಕ. ಅಲ್ಲಿಗೆ ಮುಗಿಯಲಿಲ್ಲ. ಹತ್ತಿ ತೂಗಿಸಬೇಕು, ತೂಕ ಕಮ್ಮಿ ಬಂದರೆ ಏಟು. ಹೇಸರಗತ್ತೆಗೆ ಮೇವು, ಸೌದೆ ಒಡೆಯುವುದು, ಜೋಳ ಬೀಸಿ ತಮ್ಮ ಅಡಿಗೆ ತಾವೇ ಮಾಡಿಕೊಳ್ಳುವುದು. ಬೆಳಗಿಗೆ ಇನ್ನೂ ಒಂದು ಗಂಟೆ ಇರುವಾಗಲೇ ಕೊಂಬು ಊದುತ್ತಾರೆ. 2,800ರಲ್ಲಿ ಆ ಜೋಳ ಬೀಸಿದ ಹೊತ್ತು ಸೇರಿದೆಯಾ? ಅದು ಹೊಲದ ಗಂಟೆ ಮಾತ್ರ.

ಗುಲಾಮರ ಗಂಟೆಗೂ ಒಂದು ಕಾನೂನು ಇತ್ತು ಅಂದರೆ ನಂಬುತ್ತೀರಾ? ಸೌತ್ ಕ್ಯಾರೊಲಿನಾದಲ್ಲಿ 1739ರಲ್ಲಿ ಸ್ಟೋನೊ ಎಂಬಲ್ಲಿ ಗುಲಾಮರು ದಂಗೆ ಎದ್ದರು. ಮರುವರ್ಷ ಬಂದ ಕಾಯ್ದೆ ಅವರನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಹಾಕಿತು. ಅದರಲ್ಲೇ ಒಂದು ಕಲಮು: ಬೇಸಿಗೆಯ ಆರು ತಿಂಗಳು ದಿನಕ್ಕೆ 15 ಗಂಟೆ, ಚಳಿಗಾಲದಲ್ಲಿ 14 ಗಂಟೆ ಮೀರಿ ದುಡಿಸಿದರೆ ಯಜಮಾನನಿಗೆ ದಂಡ. ಹದಿನೈದು ಗಂಟೆ ದಯೆ! ಬಿಳಿಯನ ವಿರುದ್ಧ ಸಾಕ್ಷಿ ಹೇಳುವ ಹಕ್ಕೇ ಗುಲಾಮನಿಗಿಲ್ಲದಾಗ ಗಂಟೆ ಎಣಿಸಿ ದೂರು ಕೊಡುವವರು ಯಾರು?

1865ರಲ್ಲಿ ಗುಲಾಮಗಿರಿ ಹೋಯಿತು. ಎರಡೇ ವರ್ಷಕ್ಕೆ, 1867ರ ಮೇ 1ರಿಂದ, ನಮ್ಮ ಇಲಿನಾಯ್ಸ್ ರಾಜ್ಯ ಎಂಟು ಗಂಟೆಯ ದಿನ ಅಂತ ಕಾನೂನು ತಂದಿತು. ಸಂತೋಷಪಡುವಷ್ಟರಲ್ಲಿ ಎರಡು ಸಣ್ಣ ಮಾತು ಕಾಣುತ್ತೆ. ಬೇರೆ ಒಪ್ಪಂದ ಇದ್ದರೆ ಇದು ಅನ್ವಯಿಸದು, ಮತ್ತು ಹೊಲದ ಕೆಲಸಕ್ಕೆ ಇದು ಇಲ್ಲ. ಮೊದಲನೆಯದನ್ನು ಹಿಡಿದು ಕಾರ್ಖಾನೆಯವರು ತಪ್ಪಿಸಿಕೊಂಡರು. ಅದಕ್ಕೇ 1886ರ ಮೇ 1ರ ದೊಡ್ಡ ಮುಷ್ಕರ. ಮೇ 3ರಂದು ಮೆಕಾರ್ಮಿಕ್ ಕಾರ್ಖಾನೆ ಮುಂದೆ ಪೊಲೀಸರು ಗುಂಡು ಹಾರಿಸಿದರು. ಮರುದಿನ ಹೇಮಾರ್ಕೆಟ್‌ನಲ್ಲಿ ಬಾಂಬು, ಮುಂದಿನ ವರ್ಷ ನಾಲ್ವರಿಗೆ ಗಲ್ಲು. ಈ ಕಥೆ ಮೇ ದಿನದ ಭಾಷಣಗಳಲ್ಲಿ ಕೇಳಿದ್ದೇವೆ.

ಮೆಕಾರ್ಮಿಕ್ ಕಾರ್ಖಾನೆ ಮಾಡುತ್ತಿದ್ದುದು ಏನನ್ನು? ಗೋಧಿ ಕೊಯ್ಯುವ ಯಂತ್ರವನ್ನು. ಆ ಯಂತ್ರ 1831ರಲ್ಲಿ ವರ್ಜೀನಿಯಾದ ಮೆಕಾರ್ಮಿಕ್ ಮನೆತನದ ಹೊಲದಲ್ಲಿ ಹುಟ್ಟಿತು. ಕಟ್ಟುವಾಗ ಕೈ ಹಾಕಿದವರಲ್ಲಿ ಜೋ ಆಂಡರ್ಸನ್ ಎಂಬ ಆ ಮನೆಯ ಗುಲಾಮನೂ ಇದ್ದ. ಗುಲಾಮನ ಕೈ ತಾಗಿದ ಹೊಲದ ಯಂತ್ರವನ್ನು ತಯಾರಿಸುವ ಕಾರ್ಮಿಕರು ಎಂಟು ಗಂಟೆ ಕೇಳಿ ಗುಂಡು ತಿಂದರು. ಹೊಲದಲ್ಲಿ ದುಡಿಯುವವನ ಎಂಟು ಗಂಟೆ ಬಗ್ಗೆ ಕಾನೂನು ಬಾಯಿಬಿಡಲಿಲ್ಲ.

1914ರಲ್ಲಿ ಡೆಟ್ರಾಯಿಟ್‌ನಲ್ಲಿ ಫೋರ್ಡ್ ಎಂಟು ಗಂಟೆಗೆ ಐದು ಡಾಲರ್ ಅಂದ. ದಕ್ಷಿಣದ ಹತ್ತಿ ಹೊಲ ಬಿಟ್ಟು ಸಾವಿರಾರು ಕರಿಯ ಕುಟುಂಬಗಳು ಈ ಊರಿಗೆ ಬಂದವು. 1938ರ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆಕ್ಟ್ ನಮಗೆ ಇವತ್ತು ಸಿಗುವ ಒಂದೂವರೆ ಪಟ್ಟು ಓವರ್‌ಟೈಮಿನ ಬೇರು. ಅಲ್ಲೂ ಹೊಲದವರನ್ನು ಹೊರಗಿಟ್ಟರು. ದಕ್ಷಿಣದ ಹೊಲಗಳಲ್ಲಿ ದುಡಿಯುವವರಲ್ಲಿ ಕರಿಯರು ತುಂಬಾ ಇದ್ದರು, ಅಲ್ಲಿನ ಸಂಸದರ ಮಾತು ನಡೆಯಿತು ಅನ್ನುತ್ತಾರೆ ಅನೇಕ ಇತಿಹಾಸಕಾರರು. ಕನಿಷ್ಠ ಕೂಲಿ 1966ರ ತಿದ್ದುಪಡಿಯಲ್ಲಿ ಒಂದಷ್ಟು ಹೊಲದವರಿಗೂ ಸಿಕ್ಕಿತು. ಓವರ್‌ಟೈಮ್ ಮಾತ್ರ ಕೇಂದ್ರದ ಕಾನೂನಿನಲ್ಲಿ ಸೇರಲಿಲ್ಲ. ಐ-94ರಲ್ಲಿ ಶಿಕಾಗೊದಿಂದ ಡೆಟ್ರಾಯಿಟ್‌ಗೆ ಹೋಗುವಾಗ ಮಿಷಿಗನ್‌ನ ದ್ರಾಕ್ಷಿ ತೋಟಗಳು ಸಿಗುತ್ತವಲ್ಲ, ಅಲ್ಲಿ ಹಣ್ಣು ಬಿಡಿಸುವವರಿಗೆ ನಲವತ್ತೊಂದನೇ ಗಂಟೆಯೂ ಬರೀ ಒಂದು ಗಂಟೆ.

ಇನ್ನು ತಾತ. ಹೆಗ್ಗಡದೇವನ ಕೋಟೆ ಕಡೆಯ ಒಂದು ಊರು. ತಂಗಿ ಮದುವೆಗೆ ಇನ್ನೂರು ರೂಪಾಯಿ ಸಾಲ ಮಾಡಿ ಒಬ್ಬ ಜಮೀನ್ದಾರರ ಮನೆಗೆ ಜೀತಕ್ಕೆ ಸೇರಿದರು. ವರ್ಷಕ್ಕೆ ಒಂದು ಜೊತೆ ಬಟ್ಟೆ, ಒಂದು ಕಂಬಳಿ, ಎರಡು ಹೊತ್ತು ಮುದ್ದೆ. ತಾತನನ್ನು ಯಾರೂ ಸಂತೇಲಿ ಹರಾಜು ಹಾಕಲಿಲ್ಲ, ಅಪ್ಪನನ್ನು ಕಿತ್ತು ಬೇರೆಯವರಿಗೆ ಮಾರಲಿಲ್ಲ. ಆದ್ದರಿಂದ ಎರಡೂ ಒಂದೇ ಅನ್ನಲಾರೆ. ಆದರೆ ಕೋಳಿ ಕೂಗುವ ಮುಂಚೆ ಕೊಟ್ಟಿಗೆ ಬಾಚುವುದು, ಹಗಲೆಲ್ಲಾ ಆರು, ರಾತ್ರಿ ಗದ್ದೆಗೆ ನೀರು ತಿರುಗಿಸುವುದು, ಕಣದಲ್ಲಿ ಕಾವಲು ಮಲಗುವುದು. ನಿದ್ದೆಯೂ ಅವರ ಕೆಲಸವೇ. ಕಾಯಿಲೆ ಬಿದ್ದ ದಿನವನ್ನು ಮಾತ್ರ ಮರೆಯದೆ ಎಣಿಸಿ ಸಾಲಕ್ಕೆ ಸೇರಿಸುತ್ತಿದ್ದರಂತೆ. ಒಟ್ಟು ಹನ್ನೊಂದು ವರ್ಷ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂತು, 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆಯಾಯಿತು, ಸಾಲ ವಜಾ ಆಯಿತು. ತಾತ ಮನೆಗೆ ಬಂದರು. ಭೂಮಿ ಇರಲಿಲ್ಲ, ಮರುವಾರ ಅದೇ ಹೊಲಕ್ಕೆ ಕೂಲಿಗೆ ಹೋದರು. ಸಂಜೆ ಹೊತ್ತು ಮುಳುಗಿದ ಮೇಲೆ ಎದ್ದು ಬಂದರೆ ಯಾರೂ ತಡೆಯುತ್ತಿರಲಿಲ್ಲ. ಅದೊಂದೇ ವ್ಯತ್ಯಾಸ ಅಂತ ಅಪ್ಪ ಹೇಳುತ್ತಿದ್ದರು, ಸಣ್ಣ ವ್ಯತ್ಯಾಸ ಅನ್ನೋ ಥರ ಹೇಳುತ್ತಿರಲಿಲ್ಲ.

ಇದನ್ನು ಬರೆಯುವ ಮುಂಚೆ ಅಜ್ಜಿಗೆ ಫೋನ್ ಮಾಡಿದ್ದೆ. ಫೋಗೆಲ್ ಥರ ನಾನೂ ಲೆಕ್ಕ ಹಾಕೋಣ ಅಂತ, "ಅಜ್ಜಿ, ತಾತ ದಿನಕ್ಕೆ ಎಷ್ಟು ಗಂಟೆ ಕೆಲಸ ಮಾಡ್ತಿತ್ತು?" ಅಂದೆ.

"ಗಂಟೆ ಎಲ್ಲಿತ್ತು ಮಗ? ಗಂಟೆ ಇದ್ದದ್ದು ಎತ್ತಿನ ಕೊಳ್ಳಲ್ಲಿ" ಅಂದು ನಕ್ಕರು. ಆಮೇಲೆ, ಅಲ್ಲಿ ಈಗ ಎಷ್ಟು ಹೊತ್ತು, ಕೆಲಸದಿಂದ ಬಂದ್ಯಾ, ಉಂಡ್ಯಾ ಅಂತ ಕೇಳಿದರು.